ವರ್ಷದ ಕೊನೆಗೆ ತೋಟದ ಮನೆ ತುಂಬಿದಾಗ

ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ನೆಂಟರು, ಸ್ನೇಹಿತರು ಬಂದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಬಚ್ಚಲುಮನೆಯ ಗ್ಯಾಸ್ ಗೀಸರ್‌ನದು. ಕಿಟಕಿ ಮುಚ್ಚಿ ಹತ್ತು ಜನ ಒಬ್ಬರ ಹಿಂದೊಬ್ಬರು ಸ್ನಾನ ಮಾಡಿದರೆ ಒಳಗೆ ಆಮ್ಲಜನಕ ಕಡಿಮೆಯಾಗಿ ಗ್ಯಾಸ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಅನ್ನಿಸುವಷ್ಟರಲ್ಲಿ ಕೈಕಾಲು ಸೋತು ಚಿಲಕ ತೆಗೆಯಲೂ ಆಗದಿರಬಹುದು. ಗೀಸರನ್ನು ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ನಂಬಿ ಕೂರಬೇಡಿ. ಕರೆಂಟು ಹೋದರೆ ಫ್ಯಾನ್ ನಿಲ್ಲುತ್ತದೆ, ಬ್ಯಾಟರಿಯ ಕಿಡಿಯಿಂದ ಹೊತ್ತುವ ಗ್ಯಾಸ್ ಗೀಸರ್ ಉರಿಯುತ್ತಲೇ ಇರುತ್ತದೆ. ಮಲಗುವ ಕೋಣೆಗೆ ಕೆಂಡದ ಬಾಣಲೆ ಒಯ್ಯುವುದೂ ಇಷ್ಟೇ ಅಪಾಯ.

ಕಣದಲ್ಲಿ ಬೆಂಕಿ ಹಾಕುವವರು ಒಣ ಕಾಫಿ ಚೀಲ, ಸಿಪ್ಪೆಯ ರಾಶಿಯಿಂದ ದೂರ ಹಾಕಿ. ಪೆಟ್ರೋಲ್ ಮಾತ್ರ ಸುರಿಯಲೇಬೇಡಿ. ಆವಿ ಹೊತ್ತಿಕೊಂಡು ಜ್ವಾಲೆ ಕೈಯಲ್ಲಿರುವ ಕ್ಯಾನಿಗೇ ಬರುತ್ತದೆ. ಮಲಗುವ ಮೊದಲು ನೀರು ಹಾಕಿ ಕೆದಕಿ, ಮತ್ತೆ ಹಾಕಿ.

ಅಂಗಳದ ಸೀರಿಯಲ್ ಸೆಟ್ಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್) ಇರಲಿ. ಟೆಸ್ಟ್ ಬಟನ್ ಒತ್ತಿದಾಗ ಅದು ಬೀಳದಿದ್ದರೆ ಇದ್ದೂ ಇಲ್ಲದಂತೆ.

‘ನಮ್ಮವರೇ ತಾನೇ’ ಎಂಬ ಮಾತು ಕಾನೂನಿಗೆ ನಡೆಯುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106(1)ರಡಿ 5 ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು; ಪರಿಹಾರದ ಸಿವಿಲ್ ದಾವೆ ಬೇರೆ. ಕೆರೆಗೆ, ತೆರೆದ ಬಾವಿಗೆ ಸಂಜೆಗೆ ಮೊದಲೇ ಅಡ್ಡ ಕಟ್ಟಿ, ಅಲ್ಲೊಂದು ದೀಪ ಹಾಕಿ.

ಕುಡಿದವರನ್ನು ರಾತ್ರಿ ಘಾಟಿ ಇಳಿಯಲು ಬಿಡಬೇಡಿ. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮದ್ಯ ಮೀರಿದರೆ ಗಾಡಿ ಓಡಿಸುವುದೇ ಅಪರಾಧ. ಕೀ ತೆಗೆದಿಟ್ಟುಕೊಂಡು ಹಾಸಿಗೆ ಹಾಸಿಕೊಡಿ.