ಸಮಪುರದ ಜನ ಯಾಕೆ ಸುಮ್ಮನಿದ್ದಾರೆ?

ಸಮಪುರ ಎಂಬ ದೇಶ ಯಾವ ನಕಾಶೆಯಲ್ಲೂ ಇಲ್ಲ. ಕಲಬುರಗಿಯ ಒಂದು ಕಚೇರಿಯ ಹೊರಗೆ, ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಅರ್ಜಿ, ಅಫಿಡವಿಟ್ ಬರೆದುಕೊಡುವ ನಾನು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಟ್ಟಿದ ದೇಶ ಅದು. ಅಲ್ಲಿರುವುದು ಒಂದೇ ಪಕ್ಷ. ಅದಕ್ಕೆ ಹೆಸರಿಲ್ಲ, ಎರಡನೆಯದು ಇದ್ದರೆ ತಾನೇ ಹೆಸರು ಬೇಕಾಗುವುದು! ಇಲ್ಲಿಯವರೆಗೆ ಆ ದೇಶದ ಹನ್ನೊಂದು ಕಥೆ ಬರೆದಿದ್ದೇನೆ. ಓದಿದ ಕಾಲೇಜು ಹುಡುಗರು ಚಹಾದ ಗ್ಲಾಸು ಹಿಡಿದು ಬಂದು ಕೇಳುವುದು ಒಂದೇ ಮಾತು: "ಕಾಕಾ, ಅಷ್ಟು ಜನ ಇದ್ದಾರೆ, ಒಬ್ಬರೂ ಯಾಕೆ ತಿರುಗಿ ಬೀಳುವುದಿಲ್ಲ?"

ಪೊಲೀಸ್, ಜೈಲು, ಬಂದೂಕು ಎಂದರೆ ಅವರಿಗೆ ಸಮಾಧಾನವಾಗುತ್ತದೆ. ಅವೆಲ್ಲ ಸಮಪುರದಲ್ಲೂ ಇವೆ. ಒಂದೇ ಪಕ್ಷದ ಹಿಡಿತದಲ್ಲಿದ್ದ ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯಲ್ಲಿ ಕೊನೆಯ ದಿನಗಳಲ್ಲಿ ಸುಮಾರು 91,000 ನೌಕರರಿದ್ದರು. ಅವರ ಹೊರತಾಗಿ ಪಕ್ಕದ ಮನೆಯ ಸುದ್ದಿಯನ್ನು ಗುಟ್ಟಾಗಿ ಮುಟ್ಟಿಸುವವರು ಒಂದೂವರೆ ಲಕ್ಷಕ್ಕೂ ಮೇಲೆ. ಆದರೆ ಅಲ್ಲಿ ಆಗ ಇದ್ದ ಜನ ಒಂದೂವರೆ ಕೋಟಿಗೂ ಹೆಚ್ಚು. ಉಳಿದವರನ್ನು ಸುಮ್ಮನಿರಿಸಿದ್ದು ಏನು? ನನಗೆ ತಿಳಿದ ಉತ್ತರ ನನ್ನ ಟೇಬಲ್ಲಿನ ಮೇಲೆಯೇ ಸಿಕ್ಕಿದ್ದು.

ಎರಡು ಬೇಸಿಗೆಯ ಹಿಂದೆ ಒಬ್ಬ ರೈತ ಬಂದಿದ್ದ. ಪಹಣಿಯಲ್ಲಿ ಅವನ ನಾಲ್ಕು ಎಕರೆ ಹನ್ನೆರಡು ಗುಂಟೆ ಹೊಲ ಎರಡು ಎಕರೆಯಾಗಿ ಕುಳಿತಿತ್ತು. ಎಂಟು ತಿಂಗಳಿನಿಂದ ಓಡಾಡಿದ್ದ, ಒಂದು ಕಡೆ ದುಡ್ಡು ಕೇಳಿದ್ದರು. ನಾನು ಸಿಟ್ಟಿನಲ್ಲಿಯೇ ಅರ್ಜಿ ಬರೆದು ಓದಿ ಹೇಳಿದೆ. "ಹಣಕ್ಕಾಗಿ ಒತ್ತಾಯಿಸಿದ್ದಾರೆ" ಎಂಬ ಸಾಲು ಬಂದ ಕೂಡಲೇ ಅವನು ಹಿಂದೆ ಮುಂದೆ ನೋಡಿದ. ಕಾಗದದ ಮೇಲೆ ಹೆಬ್ಬೆರಳು ಇಟ್ಟು ಆ ಸಾಲನ್ನು ಮುಚ್ಚಿದ. ತೊಗರಿ ಕೊಯ್ದ ಕೈ, ಉಗುರು ಅರ್ಧ ಸೀಳಿತ್ತು. "ಇದು ಬೇಡ ಸಾಹೇಬರೇ. ಇಲ್ಲಿ 'ದಯಮಾಡಿ' ಎಂದು ಹಾಕಿಬಿಡಿ." ಅವನನ್ನು ಯಾರೂ ಹೆದರಿಸಿರಲಿಲ್ಲ. ಮರದ ಕೆಳಗೆ ನಾವಿಬ್ಬರೇ ಇದ್ದೆವು, ಜೊತೆಗೆ ಒಂದು ನಾಯಿ.

ಸಮಪುರಕ್ಕೆ ರಾಷ್ಟ್ರಲಾಂಛನ ಬೇಕಾದರೆ ಆ ಹೆಬ್ಬೆರಳನ್ನೇ ಕೊಡುತ್ತೇನೆ. ಅಲ್ಲಿ ಎಲ್ಲರದೂ ಒಂದೊಂದು ಅರ್ಜಿ ಬಾಕಿ ಇದೆ. ಮಗನಿಗೆ ಸೀಟು, ಮಗಳಿಗೆ ವರ್ಗಾವಣೆ, ಎರಡು ಕೋಣೆಯ ಮನೆ, ಮುತ್ಯಾನ ಕಣ್ಣಿನ ಆಪರೇಷನ್. ಪಕ್ಷ ಯಾವ ಅರ್ಜಿಯನ್ನೂ ತಿರಸ್ಕರಿಸುವುದಿಲ್ಲ, ಇದನ್ನು ಓದುಗರು ಅಷ್ಟಾಗಿ ಗಮನಿಸಿಲ್ಲ. ಆಗುವುದಿಲ್ಲ ಎಂದರೆ ಮನುಷ್ಯನಿಗೆ ಸಿಟ್ಟು ಬಂದೀತು. "ನೋಡೋಣ, ಬರುವ ವಾರ ಬನ್ನಿ" ಎಂದರೆ ಅವನು ನಗುತ್ತಲೇ ಎದ್ದು ಹೋಗುತ್ತಾನೆ, ಹೋಗುವಾಗ ಕೈಯನ್ನೂ ಮುಗಿಯುತ್ತಾನೆ.

ಇಷ್ಟು ಹೇಳಿದರೆ ಒಬ್ಬನಾದರೂ ಕಣ್ಣು ಮಿಟುಕಿಸಿ "ಅಂದರೆ ನಮ್ಮ ಊರೇ!" ಎನ್ನುತ್ತಾನೆ. ನಾನು ಒಪ್ಪುವುದಿಲ್ಲ. ಅದೇ ರೈತ ಮಳೆಗಾಲದಲ್ಲಿ ಮತ್ತೆ ಬಂದ, ಈ ಸಲ ಅಳಿಯನನ್ನು ಕರೆದುಕೊಂಡು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ತನ್ನ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂದು ಕೇಳಿಸಿದ. ಹೊಲ ಇನ್ನೂ ಪೂರ್ತಿ ಸರಿಹೋಗಿಲ್ಲ. ಆದರೆ ಅವನಿಗೆ ಇನ್ನೊಂದು ಕಿಟಕಿ ಇತ್ತು. ಅದೂ ಮುಚ್ಚಿದರೆ ಕೋರ್ಟು, ಪತ್ರಿಕೆ, ಐದು ವರ್ಷಕ್ಕೊಮ್ಮೆ ಮತದ ಯಂತ್ರ. ಸಮಪುರದಲ್ಲಿ ಎರಡನೆಯ ಕಿಟಕಿಯೊಳಗೆ ಇಣುಕಿದರೆ ಕಾಣುವುದು ಮೊದಲನೆಯ ಗುಮಾಸ್ತನ ಬೆನ್ನು.

ಸಮಪುರದಲ್ಲೂ ಚುನಾವಣೆ ನಡೆಯುತ್ತದೆ. ಅದರ ರೀತಿಯನ್ನು ಪೂರ್ವ ಜರ್ಮನಿಯಿಂದ ಕಡ ತಂದಿದ್ದೇನೆ. ಹೆಸರುಗಳು ಮೊದಲೇ ಅಚ್ಚಾಗಿರುವ ಚೀಟಿ ಕೊಡುತ್ತಾರೆ. ಅದನ್ನು ಮಡಚಿ ಡಬ್ಬಿಗೆ ಹಾಕಿದರೆ ಮತ ಬಿತ್ತು. ಅಲ್ಲಿನ ಜನ ಅದನ್ನು 'ಚೀಟಿ ಮಡಚುವುದು' ಎಂದೇ ಕರೆಯುತ್ತಿದ್ದರು. ಮೂಲೆಯಲ್ಲಿ ಪರದೆಯೂ ಇರುತ್ತಿತ್ತು, ಅದರ ಹಿಂದೆ ಹೋದವರ ಮೇಲೆ ಕಣ್ಣೂ ಇರುತ್ತಿತ್ತು. 1989ರ ಮೇ 7ರ ಸ್ಥಳೀಯ ಚುನಾವಣೆಯ ಸಂಜೆ ಕೆಲವು ಊರುಗಳಲ್ಲಿ ಸಾಮಾನ್ಯ ಜನ ಎಣಿಕೆಯ ಕೋಣೆಯಲ್ಲಿ ನಿಂತು, ಬೇಡ ಎಂದ ಮತಗಳನ್ನು ಬರೆದುಕೊಂಡರು. ಸರ್ಕಾರ ಶೇ. 98.85ರ ಗೆಲುವು ಸಾರಿದಾಗ ಇವರು ಕೂಡಿಸಿದ ಲೆಕ್ಕ ಅದಕ್ಕೆ ತಾಳೆಯಾಗಲಿಲ್ಲ. ನವೆಂಬರ್ 9ರಂದು ಬರ್ಲಿನ್ನಿನ ಗೋಡೆ ತೆರೆಯಿತು. ನಡುವೆ ಇನ್ನೂ ಬಹಳಷ್ಟು ನಡೆಯಿತು ಎಂಬುದು ನಿಜ. ಆದರೂ ಅರ್ಜಿ ಬರೆಯುವವನಾಗಿ ನನಗೆ ಆ ಪೆನ್ಸಿಲ್ ಹಿಡಿದವರ ಮೇಲೆ ವಿಶೇಷ ಪ್ರೀತಿ. ಹನ್ನೆರಡನೆಯ ಕಥೆ ಅವರದೇ.

ಹಿರಿಯರ ಪ್ರಶ್ನೆ ಬೇರೆ. "ನಿಜಾಮನ ಕಾಲವನ್ನು ಬರೆದಿದ್ದೀಯಲ್ಲವೇ?" ಎನ್ನುತ್ತಾರೆ. ಹೈದರಾಬಾದ್ ಸಂಸ್ಥಾನ ಅರಸನ ರಾಜ್ಯ, ಪಕ್ಷದ್ದಲ್ಲ. ಎರಡನ್ನೂ ಒಂದೇ ಗೋಣಿಗೆ ತುಂಬಲಾರೆ. ಆದರೆ ಅಲ್ಲಿಂದ ಒಂದನ್ನು ಮಾತ್ರ ತೆಗೆದುಕೊಂಡಿದ್ದೇನೆ.

ನಮ್ಮ ಆಯಿ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವಳು. 1948ರಲ್ಲಿ ಅವಳಿಗೆ ಹತ್ತು ವರ್ಷ. ನಿಜಾಮನ ಪರ ಆಯುಧ ಹಿಡಿದು ಊರೂರು ನುಗ್ಗುತ್ತಿದ್ದ ರಜಾಕಾರರ ಕಥೆ ಹೇಳುವಾಗ ಅವಳ ದನಿ ಅಂಗಳ ದಾಟುತ್ತಿತ್ತು: ಒಲೆಯ ಕೆಳಗೆ ಬೆಳ್ಳಿ ಹೂತಿದ್ದು, ರಾತ್ರಿಯೆಲ್ಲ ಜೋಳದ ಹೊಲದಲ್ಲಿ ಕುಳಿತಿದ್ದು, ಗೋರ್ಟಾದ ಹತ್ಯಾಕಾಂಡದ ಸುದ್ದಿ ಬಂದ ದಿನ ಊರಲ್ಲಿ ಒಲೆ ಹೊತ್ತದಿದ್ದದ್ದು. ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಭಾರತದ ಸೈನ್ಯಕ್ಕೆ ಶರಣಾಯಿತು. ಅದರ ಮುಂದಿನ ದಿನಗಳಿಗೆ ಬಂದರೆ ಅವಳ ದನಿ ಕುಗ್ಗುತ್ತಿತ್ತು. ಆಗ ಮುಸ್ಲಿಮರ ಮೇಲೆ ನಡೆದದ್ದನ್ನು ಭಾರತ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿ ದಾಖಲಿಸಿತು. 'ಪೊಲೀಸ್ ಕಾರ್ಯಾಚರಣೆ' ಎಂದು ಕರೆದ ಆ ಸೇನಾ ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅದರ ನಂತರ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲಬರ್ಗಾ ಎರಡೂ ಇವೆ. ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಆಯಿಗೆ ವರದಿಯ ಗೊಡವೆ ಇರಲಿಲ್ಲ, ಓದಲೂ ಬರುತ್ತಿರಲಿಲ್ಲ. ಹೇಳಬೇಡ ಎಂದು ಅವಳಿಗೆ ಯಾವ ಪಕ್ಷವೂ ಆಜ್ಞೆ ಮಾಡಿರಲಿಲ್ಲ.

ಎದುರು ಮನೆಯಲ್ಲಿ ಒಬ್ಬ ದರ್ಜಿ ಇದ್ದ. ದಸರೆಗೆಂದು ಅವಳ ಹಸಿರು ಲಂಗದ ಬಟ್ಟೆ ಅವನ ಬಳಿ ಹೊಲಿಯಲು ಕೊಟ್ಟಿದ್ದರು. "ಆಮೇಲೆ ಅವರು ಊರು ಬಿಟ್ಟರು" ಎನ್ನುತ್ತಿದ್ದಳು, ಅಷ್ಟೇ. ಒಮ್ಮೆ ನಾನು, ಆಗ ಹೈಸ್ಕೂಲಿನಲ್ಲಿದ್ದೆ, "ಹಾಗಾದರೆ ಲಂಗ ಹೋಯಿತೇ?" ಎಂದು ಕೇಳಿದೆ.

"ಇಲ್ಲ, ಸಿಕ್ಕಿತು. ಒಂದು ಕಡೆ ಹೊಲಿಗೆ ಬಾಕಿ ಇತ್ತು, ಅವ್ವ ಹಾಕಿದಳು."

"ಮನೆಗೆ ತಂದುಕೊಟ್ಟವರು ಯಾರು?"

ಹಾಲು ಉಕ್ಕುತ್ತಿದೆ ಎಂದು ಆಯಿ ಒಳಗೆ ಹೋದಳು. ನಾನು ಹಿಂದೆಯೇ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.