‘ಕೇಜ್ಡ್’ ಕ್ರೈಂ ಸಿನಿಮಾನಾ? ಅದರಲ್ಲಿ ಕ್ರೈಂ ಎಲ್ಲಿದೆ?

ಹಳೆಯ ಕಪ್ಪು-ಬಿಳುಪು ಕ್ರೈಂ ಸಿನಿಮಾ ಯಾವುದಾದರೂ ಹೇಳಿ ಎಂದವರಿಗೆಲ್ಲ ನಾನು 1950ರ ಹಾಲಿವುಡ್ ಸಿನಿಮಾ ‘ಕೇಜ್ಡ್’ ನೋಡಿ ಅನ್ನುತ್ತೇನೆ. ನೋಡಿದವರು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ: ‘ಚೆನ್ನಾಗೇನೋ ಇದೆ, ಆದ್ರೆ ಇದು ಕ್ರೈಂ ಸಿನಿಮಾ ಹೇಗೆ? ಪತ್ತೇದಾರ ಇಲ್ಲ, ದರೋಡೆ ತೋರಿಸಲ್ಲ, ಪೂರ್ತಿ ಹೆಂಗಸರ ಜೈಲಲ್ಲೇ ನಡೆಯುತ್ತಲ್ಲ?’

ದರೋಡೆ ಇದೆ. ಸಿನಿಮಾ ಶುರುವಾಗುವ ಹೊತ್ತಿಗೆ ಮುಗಿದುಹೋಗಿದೆ, ಅಷ್ಟೆ. ಮೇರಿ ಆಲೆನ್‌ಗೆ 19 ವರ್ಷ. ಗಂಡ ಪೆಟ್ರೋಲ್ ಬಂಕೊಂದರಲ್ಲಿ 40 ಡಾಲರ್ ದೋಚಲು ಹೋಗಿ ಸತ್ತ. ಕಾರಿನಲ್ಲಿದ್ದ ಇವಳು ಅವನ ನೆರವಿಗೆಂದು ಇಳಿದಳು. ಅಷ್ಟಕ್ಕೇ ಅಪರಾಧದಲ್ಲಿ ಪಾಲುದಾರಳು, ಶಿಕ್ಷೆ 1ರಿಂದ 15 ವರ್ಷ. ಸಾಲದ್ದಕ್ಕೆ ಬಸುರಿ ಬೇರೆ.

ಮಾಮೂಲಿ ಕ್ರೈಂ ಸಿನಿಮಾದಲ್ಲಿ ಅಪರಾಧಿಯನ್ನು ಹಿಡಿದು ಒಳಗೆ ಹಾಕಿದರೆ ಕತೆ ಮುಗಿಯಿತು. ಇಲ್ಲಿ ಒಳಗೆ ಹಾಕಿದ ಮೇಲೆ ಅಪರಾಧಿ ತಯಾರಾಗುತ್ತಾಳೆ. ನನ್ನ ಉತ್ತರ ಇಷ್ಟೇ. ಮುಂದೆ ಕತೆ ಪೂರ್ತಿ ಬಿಟ್ಟುಕೊಡುತ್ತೇನೆ, ನೋಡದವರು ನೋಡಿಬಂದು ಓದಿ.

ಜೊತೆಯ ಕೈದಿ ಜೂನ್‌ಗೆ ಪೆರೋಲ್ ಸಿಗುವುದಿಲ್ಲ (ಅಲ್ಲಿ ಪೆರೋಲ್ ಎಂದರೆ ನಮ್ಮಲ್ಲಿಯಂತೆ ನಾಲ್ಕು ದಿನ ಊರಿಗೆ ಹೋಗಿಬರುವ ರಜೆಯಲ್ಲ, ಅವಧಿಗೆ ಮುಂಚಿನ ಷರತ್ತಿನ ಬಿಡುಗಡೆ). ಅವಳು ನೇಣು ಹಾಕಿಕೊಳ್ಳುತ್ತಾಳೆ. ಅದನ್ನು ಕಂಡ ಆಘಾತಕ್ಕೆ ಮೇರಿಗೆ ದಿನ ತುಂಬುವ ಮುಂಚೆಯೇ ಹೆರಿಗೆ. ಮಗುವನ್ನು ಇಟ್ಟುಕೋ ಎಂದು ತಾಯಿಯನ್ನು ಬೇಡಿಕೊಂಡರೆ, ಮಲತಂದೆಗೆ ಹೆದರಿ ಅವಳು ಆಗೋದಿಲ್ಲ ಎನ್ನುತ್ತಾಳೆ. ಮಗು ದತ್ತು ಹೋಗುತ್ತದೆ. ಮೇರಿಗೂ ಪೆರೋಲ್ ಇಲ್ಲ. ಹೊರಗೆ ಬಂದ ಮೇಲೆ ಅಂಗಡಿಗಳಲ್ಲಿ ಸಾಮಾನು ಕದಿಯುವ ಕೆಲಸ ಕೊಡಿಸುತ್ತೇನೆ ಎಂದು ಕಿಟ್ಟಿ ಎಂಬ ಕೈದಿ ಮೊದಲ ದಿನಗಳಿಂದಲೇ ಗಾಳ ಹಾಕುತ್ತಿರುತ್ತಾಳೆ. ಬೇಡ ಬೇಡ ಎನ್ನುತ್ತಿದ್ದವಳ ಪ್ರತಿಯೊಂದು ದಾರಿಯನ್ನೂ ಯಾರೋ ಒಬ್ಬರು ನಿಯಮದ ಪ್ರಕಾರವೇ ಮುಚ್ಚುತ್ತಾ ಬರುತ್ತಾರೆ.

ಕೆಲವರು ನಿಯಮ ಮೀರಿಯೂ ಮುಚ್ಚುತ್ತಾರೆ. ಈವ್ಲಿನ್ ಹಾರ್ಪರ್ ಎಂಬ ಮೇಟ್ರನ್, ಅಂದರೆ ವಾರ್ಡಿನ ಕಾವಲಿನವಳು, ಇದ್ದಾಳೆ. ಪಾತ್ರ ಮಾಡಿದ ಹೋಪ್ ಎಮರ್ಸನ್ ಆರಡಿಗೂ ಮೀರಿದ ಆಳು, ಬಾಗಿಲಲ್ಲಿ ನಿಂತರೆ ಬಾಗಿಲೇ ಕಾಣುವುದಿಲ್ಲ. ಮೆತ್ತನೆಯ ಕುರ್ಚಿಯಲ್ಲಿ ಕೂತು ಸಿಹಿ ತಿನ್ನುತ್ತಾ ಪ್ರೇಮಕತೆ ಓದುತ್ತಾಳೆ. ಕಾಸು ಕೊಟ್ಟವರಿಗೆ ಸವಲತ್ತು, ಇಲ್ಲದವರಿಗೆ ನೆಲ ಉಜ್ಜುವ ಕೆಲಸ. ನನಗೆ ಅತಿ ಕ್ರೂರ ಅನ್ನಿಸಿದ್ದು ಅವಳ ಹೊಡೆತ ಬಡಿತವಲ್ಲ. ಒಂದು ಸಂಜೆ ಸಿಂಗರಿಸಿಕೊಂಡು ಗೆಳೆಯನನ್ನು ನೋಡಲು ಹೊರಟವಳು ಕೈದಿಗಳ ಮುಂದೆ ಬಂದು ನಿಂತು, ಇವತ್ತು ರಾತ್ರಿ ತನಗೆ ಏನೇನು ಸುಖ ಕಾದಿದೆ ಎಂದು ವರ್ಣಿಸುತ್ತಾಳಲ್ಲ, ಆ ದೃಶ್ಯ. ಕ್ರೈಂ ಎಲ್ಲಿ ಎಂದು ಕೇಳುವವರು ಇವಳ ವಸೂಲಿಯನ್ನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲವೋ! ಸಂಬಳ ತಗೊಂಡು ಮಾಡಿದರೆ ಅದು ಅಪರಾಧದ ಹಾಗೆ ಕಾಣುವುದಿಲ್ಲವೇನೋ.

ಮೇರಿ ಸಾಕಿಕೊಂಡ ಬೆಕ್ಕಿನಮರಿಯನ್ನು ಹಾರ್ಪರ್ ಕಸಿಯಲು ಬಂದಾಗ ಇಡೀ ವಾರ್ಡು ದಂಗೆ ಏಳುತ್ತದೆ. ಮರಿ ಸಾಯುತ್ತದೆ. ಶಿಕ್ಷೆಯಾಗಿ ಹಾರ್ಪರ್ ಮೇರಿಯ ತಲೆ ಬೋಳಿಸುತ್ತಾಳೆ. (ಬೆಕ್ಕಿನಮರಿಯ ಪ್ರಸಂಗ ಸ್ವಲ್ಪ ಅತಿಯಾಯಿತು, ಒಪ್ಪುತ್ತೇನೆ.) ಇಲ್ಲಿಂದಾಚೆ ಮೇರಿಯ ಪಾತ್ರ ಮಾಡಿದ ಎಲೀನರ್ ಪಾರ್ಕರ್ ಮುಖ ನೋಡಬೇಕು. ಮೊದಲರ್ಧದಲ್ಲಿ ಗಂಟಲಿನಿಂದಾಚೆ ಬಾರದ ದನಿ ಆಮೇಲೆ ಒರಟಾಗಿ, ನಿಧಾನವಾಗಿ ಹೊರಡುತ್ತದೆ. ‘ದಿ ಸೌಂಡ್ ಆಫ್ ಮ್ಯೂಸಿಕ್’ನ ಬ್ಯಾರನೆಸ್ ಆಗಿ ಮಾತ್ರ ಅವರನ್ನು ಕಂಡವರು ನಂಬಲಿಕ್ಕಿಲ್ಲ. ವೆನಿಸ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು, ಆಸ್ಕರ್‌ಗೆ ಹೆಸರು ಹೋಗಿ ಕೈತಪ್ಪಿತು.

ಚಿತ್ರಕತೆ ಬರೆದವರಲ್ಲಿ ಒಬ್ಬರಾದ ವರ್ಜೀನಿಯಾ ಕೆಲಾಗ್ ಅಧಿಕಾರಿಗಳ ಒಪ್ಪಿಗೆ ಪಡೆದು, ಕೈದಿಯ ಸೋಗಿನಲ್ಲಿ ಜೈಲುಗಳೊಳಗೆ ಇದ್ದು ಬಂದವರು. ಕೈದಿಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತು ಸಿನಿಮಾದಲ್ಲಿ ಅಷ್ಟು ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ ಇರಬೇಕು. ನಿರ್ದೇಶಕ ಜಾನ್ ಕ್ರಾಮ್‌ವೆಲ್ ಅವರೂ ಕ್ಯಾಮೆರಾವನ್ನು ಜೈಲಿನಿಂದ ಹೊರಗೆ ಬಿಡುವುದೇ ಅಪರೂಪ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ: ‘ಹಾಗಾದ್ರೆ ಹಾರ್ಪರ್ ಒಬ್ಬಳೇ ವಿಲನ್ ಅನ್ನಿ.’ ಅಲ್ಲ. ಊಟದ ಹಾಲ್‌ನಲ್ಲಿ ಕಿಟ್ಟಿ ಫೋರ್ಕಿನಿಂದ ಚುಚ್ಚಿ ಹಾರ್ಪರ್‌ಳನ್ನು ಕೊಲ್ಲುತ್ತಾಳೆ, ಮೇರಿ ಪಕ್ಕದಲ್ಲಿ ನಿಂತು ಹುರಿದುಂಬಿಸುತ್ತಾಳೆ. ಹಾರ್ಪರ್ ಹೋದರೂ ಮೇರಿ ಹಳೆಯ ಮೇರಿ ಆಗುವುದಿಲ್ಲ. ಎಲ್ವೈರಾ ಎಂಬ ಇನ್ನೊಬ್ಬ ಕೈದಿಯ ದಂಧೆಗೆ ಒಪ್ಪಿ, ಹೆಸರಿಗೊಂದು ನೌಕರಿ ತೋರಿಸಿ, ಪೆರೋಲ್ ಮೇಲೆ ಹೊರಬೀಳುತ್ತಾಳೆ. ಅಪರಾಧ ಲಾಭದಾಯಕ ಎಂದು ತೋರಿಸಬಾರದೆಂಬ ಕಟ್ಟಳೆ ಹಾಲಿವುಡ್‌ನಲ್ಲಿ ಇದ್ದ ಕಾಲ ಅದು. ಅಂಥದ್ದರಲ್ಲಿ ನಾಯಕಿ ಮದುವೆಯ ಉಂಗುರ ಎಸೆದು ಕಾರು ಹತ್ತಿ ಹೋಗುತ್ತಾಳೆ, ಯಾರೂ ತಡೆಯುವುದಿಲ್ಲ.

ಸೂಪರಿಂಟೆಂಡೆಂಟ್ ರೂತ್ ಬೆಂಟನ್ ಒಳ್ಳೆಯವಳು. ಹಾರ್ಪರ್‌ಳನ್ನು ಕೆಲಸದಿಂದ ತೆಗೆಯಲು ಹೋಗಿ, ಅವಳ ಬೆನ್ನಿಗಿದ್ದ ರಾಜಕೀಯದ ಜನರಿಂದ ತನ್ನ ಕುರ್ಚಿಗೇ ಸಂಚಕಾರ ತಂದುಕೊಂಡವಳು. ವೈದ್ಯರು ಬೇಕು, ಶಿಕ್ಷಕರು ಬೇಕು ಎಂದರೆ ದುಡ್ಡಿಲ್ಲ ಎಂಬ ಉತ್ತರ ಕೇಳಿ ಕೇಳಿ ಸಾಕಾದವಳು. ಮೇರಿ ಹೋದ ಮೇಲೆ ಅವಳ ಕಡತ ಏನು ಮಾಡಲಿ ಎಂದು ಸಹಾಯಕಿ ಕೇಳುತ್ತಾಳೆ. ಮುಚ್ಚಬೇಡ, ಅವಳು ವಾಪಸ್ ಬರುತ್ತಾಳೆ ಎನ್ನುತ್ತಾಳೆ ಬೆಂಟನ್. ಇಡೀ ಜೈಲಿನಲ್ಲಿ ಮೇರಿಯ ಪರ ಇದ್ದ ಅಧಿಕಾರಿ ಇವಳೊಬ್ಬಳೇ.