ಎರಡು ಹಸ್ತಪ್ರತಿ, ಒಂದೇ ಕೈ?

ವೇಲ್ಸಿನ ಅಬೆರಿಸ್ಟ್‌ವಿತ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯದ ಹೆಂಗರ್ಟ್ ಪ್ರತಿಯ ಚಿತ್ರ ಕಂಪ್ಯೂಟರ್ ಪರದೆಯ ಎಡಕ್ಕೆ, ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಗ್ರಂಥಾಲಯದ ಎಲ್ಸ್‌ಮಿಯರ್ ಪ್ರತಿ ಬಲಕ್ಕೆ. ಎರಡೂ ಇಂಗ್ಲಿಷ್ ಕವಿ ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’, ಯಾತ್ರಿಕರು ಒಬ್ಬೊಬ್ಬರಾಗಿ ಹೇಳುವ ಕಥೆಗಳ ಗುಚ್ಛ; ಎರಡೂ 1400ರ ಆಸುಪಾಸಿನವು. ಡಾಯ್ಲ್ ಮತ್ತು ಪಾರ್ಕ್ಸ್ ಎಂಬ ಲಿಪಿತಜ್ಞರು 1978ರಲ್ಲಿ ಇವೆರಡನ್ನು ಬರೆದ ಕೈಯನ್ನೇ ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿರುವ ಗೋವರ್ ಕವಿಯ ಪ್ರತಿಯಲ್ಲೂ ಗುರುತಿಸಿ, ಹೆಸರು ಗೊತ್ತಿಲ್ಲದ ಅವನನ್ನು ‘ಲಿಪಿಕಾರ ಬಿ’ ಎಂದು ಕರೆದರು. ಅವರ ಮಾತು ನಂಬುವುದು ಸುಲಭ. ಆ ಮಾತಿಗೆ ಅವರು ಹೇಗೆ ಬಂದಿರಬಹುದು ಎಂದು ಅಕ್ಷರ ಅಕ್ಷರವಾಗಿ ನೋಡುತ್ತ ಹೋದರೆ ಇಡೀ ಭಾನುವಾರ ಸಾಲುವುದಿಲ್ಲ.

ಮೊದಲ ಪುಟದಿಂದ ಶುರು ಮಾಡಬಾರದು. ಅಲ್ಲಿ ಬರೆಯುವವನು ಮೈಯೆಲ್ಲ ಎಚ್ಚರವಾಗಿರುತ್ತಾನೆ, ಅಲಂಕಾರ ಹೆಚ್ಚು, ಸವೆತವೂ ಹೆಚ್ಚು. ಹೆಂಗರ್ಟ್ ಪ್ರತಿಯ ಅಂಚುಗಳನ್ನಂತೂ ಇಲಿಗಳು ತಿಂದಿವೆ. ಯಾತ್ರಿಕರಲ್ಲೊಬ್ಬನಾದ ನೈಟ್, ಅಂದರೆ ಕುದುರೆಯೇರಿದ ಯೋಧ, ಹೇಳುವ ಕಥೆಯ ನಡುವಿನ ಪುಟಗಳಾದರೆ ಕೈ ಹದಕ್ಕೆ ಬಂದು ಓಡುತ್ತಿರುತ್ತದೆ. ಎರಡರಲ್ಲೂ ಅದೇ ಸಾಲುಗಳನ್ನು ಹಿಡಿದರೆ ಅದೇ ಪದ, ಅದೇ ಅಕ್ಷರಜೋಡಣೆ ಎದುರುಬದುರು ಸಿಗುತ್ತವೆ. ಎಲ್ಸ್‌ಮಿಯರ್ ದೊಡ್ಡ ಪುಸ್ತಕ, ಪುಟದ ಎತ್ತರ ಸುಮಾರು 40 ಸೆಂಟಿಮೀಟರ್; ಹೆಂಗರ್ಟ್ ಸುಮಾರು 29. ಹಾಗಾಗಿ ಒಂದೊಂದು ಸಲ ನಿಜವಾದ ಅಳತೆಯಲ್ಲಿ, ಇನ್ನೊಂದು ಸಲ ‘ಎನ್’ ಅಕ್ಷರದ ಎತ್ತರ ಎರಡರಲ್ಲೂ ಸಮವಾಗುವಂತೆ ಹಿಗ್ಗಿಸಿ, ಹೀಗೆ ಎರಡು ಬಗೆಯಲ್ಲಿ ನೋಡಬೇಕು. ಬರೀ ಹಿಗ್ಗಿಸಿದ್ದನ್ನು ನೋಡಿದರೆ ಗೆರೆಯ ದಪ್ಪ ಮೋಸ ಮಾಡುತ್ತದೆ.

ಎಲ್ಲ ಅಕ್ಷರವನ್ನೂ ಕತ್ತರಿಸಿಡುವ ಅಗತ್ಯವಿಲ್ಲ. ‘ಐ’, ‘ಎಂ’, ‘ಎನ್’, ‘ಯು’ ಇವೆಲ್ಲ ಬರೀ ಚಿಕ್ಕ ಚಿಕ್ಕ ನೇರಗೀರುಗಳು, ಇವುಗಳಿಂದ ಆಳನ್ನು ಹಿಡಿಯುವುದು ಕಷ್ಟ. ‘ಎ’, ‘ಡಿ’, ‘ಜಿ’, ‘ಎಚ್’, ‘ಆರ್’, ‘ಎಸ್’, ‘ಡಬ್ಲ್ಯು’, ‘ವೈ’, ಜೊತೆಗೆ ಈಗ ಇಂಗ್ಲಿಷಿನಲ್ಲಿ ಉಳಿದಿಲ್ಲದ ‘ಥಾರ್ನ್’, ದೊಡ್ಡಕ್ಷರಗಳು, ಸಂಕ್ಷೇಪದ ಗುರುತುಗಳು ಇಷ್ಟಿದ್ದರೆ ಸಾಕು. ಪ್ರತಿ ಅಕ್ಷರಕ್ಕೂ ಹದಿನೈದಿಪ್ಪತ್ತು ಮಾದರಿ ಬೇಕು. ಪದದ ಮೊದಲು, ನಡು, ಕೊನೆ ಎಂದು ಬೇರೆ ಬೇರೆ ಕಂಬಸಾಲು ಮಾಡಬೇಕು. ಒಂದೇ ಒಂದು ಚೆಂದದ ಮಾದರಿ ಹಿಡಿದು ವಾದ ಹೂಡುವವರೇ ಹೆಚ್ಚು ಎಡವುವುದು.

ಈ ಪ್ರತಿಗಳ ಲಿಪಿಗೆ ‘ಆಂಗ್ಲಿಕಾನ’ ಎಂದು ಹೆಸರು. ಅದರ ‘ಎ’ಗೆ ಒಂದರ ಮೇಲೊಂದು ಎರಡು ಮುಚ್ಚಿದ ಕೋಣೆ, ‘ಜಿ’ ನಮ್ಮ ಕಣ್ಣಿಗೆ ಅಂಕೆ 8ರ ಹಾಗೆ, ‘ಆರ್’ ಸಾಲಿನ ಕೆಳಕ್ಕೆ ಉದ್ದನೆ ಇಳಿಯುತ್ತದೆ. ಹೊಸಬರು ಇದನ್ನು ಎರಡೂ ಕಡೆ ಕಂಡು ‘ಸಿಕ್ಕಿತು, ಒಬ್ಬನೇ’ ಎಂದುಬಿಡುತ್ತಾರೆ. ಸಿಕ್ಕಿದ್ದು ಲಿಪಿಯ ಜಾತಿ ಅಷ್ಟೆ. ಒಂದೇ ಮೇಷ್ಟ್ರ ಹತ್ತಿರ ಕಾಪಿ ತಿದ್ದಿದ ಮಕ್ಕಳ ಅಕ್ಷರ ಒಂದೇ ಥರ ಇರುವುದಿಲ್ಲವೇ, ಹಾಗೆ.

ಆಳು ಸಿಗುವುದು ಅಕ್ಷರವನ್ನು ಕಟ್ಟುವ ಕ್ರಮದಲ್ಲಿ. ‘ಡಬ್ಲ್ಯು’ವನ್ನೇ ತೆಗೆದುಕೊಳ್ಳಿ. ಆಂಗ್ಲಿಕಾನದಲ್ಲಿ ಅದು ಎತ್ತರದ ಎರಡು ಗೀಟು, ಬಲಕ್ಕೆ ಅಂಕೆ 3ರಂಥ ಹೊಟ್ಟೆ. ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ ಕೇಳಿಕೊಳ್ಳಬೇಕಾದ್ದು: ಮೊದಲ ಗೀಟು ಎಡದಿಂದ ಬಾಗಿ ಬಂದಿದೆಯೇ, ನೆಟ್ಟಗೆ ಇಳಿದಿದೆಯೇ? ಎರಡನೆಯದಕ್ಕೆ ಹೋಗುವಾಗ ಲೇಖನಿ ಎತ್ತಿದ್ದಾನೋ ಇಲ್ಲವೋ? 3ರ ಕೆಳಗಿನ ಹೊಟ್ಟೆ ಗೀಟಿಗೆ ಬಂದು ಮುಟ್ಟಿದೆಯೇ, ಸಂದು ಉಳಿದಿದೆಯೇ? ಅಗಲ ಮೂತಿಯ ಗರಿ ಲೇಖನಿಯನ್ನು ಕೆಳಕ್ಕೆ ಎಳೆದರೆ ದಪ್ಪ ಗೆರೆ, ಓರೆಯಾಗಿ ಮೇಲಕ್ಕೆ ಸರಿಸಿದರೆ ಕೂದಲೆಳೆ. ಲೇಖನಿ ಎತ್ತಿದ ಜಾಗದಲ್ಲಿ ಶಾಯಿ ಒಂದಿಷ್ಟು ನಿಂತು ಕಪ್ಪಾಗಿರುತ್ತದೆ. ಇಷ್ಟು ಸುಳಿವಿನಿಂದ ಗೀಟುಗಳ ಸಂಖ್ಯೆ, ದಿಕ್ಕು, ಸರದಿಯನ್ನು ಬರೆದಿಟ್ಟುಕೊಳ್ಳಬಹುದು. ನೋಟಕ್ಕೆ ಒಂದೇ ಆಗಿದ್ದು ಕಟ್ಟಿದ ಕ್ರಮ ಬೇರೆಯಾದ ‘ಡಬ್ಲ್ಯು’ಗಳು ಪದೇ ಪದೇ ಎದುರಾದರೆ ಕೈ ಬೇರೆ ಎಂದು ಅನುಮಾನಿಸಬೇಕು.

‘ಎಸ್’ನದು ಇನ್ನೊಂದು ಬಗೆಯ ಸಾಕ್ಷಿ. ಉದ್ದನೆಯದು, ದುಂಡಗೆ ಸುತ್ತಿಕೊಂಡದ್ದು, ಪದದ ಕೊನೆಗೆ ಬರುವ ಗಿಡ್ಡನೆಯದು ಎಲ್ಲವೂ ಆ ಕಾಲದ ಎಲ್ಲ ಲಿಪಿಕಾರರಿಗೂ ಗೊತ್ತಿದ್ದವೇ. ಯಾವುದನ್ನು ಎಲ್ಲಿ, ಎಷ್ಟು ಸಲ ಬಳಸಿದ್ದಾನೆ ಎಂಬುದು ಮಾತ್ರ ಅವನ ರೂಢಿ. ‘ಓ’ ಆದ ಮೇಲೆ ಬರುವ ಅಂಕೆ 2ರಂಥ ‘ಆರ್’ ಕೂಡ ಹಾಗೆಯೇ, ಎಣಿಸಿಯೇ ನೋಡಬೇಕು.

ವ್ಯತ್ಯಾಸ ಕಂಡ ತಕ್ಷಣ ಬೇರೆ ಆಳು ಎನ್ನುವುದಕ್ಕೂ ಆಗದು. ಗರಿಯನ್ನು ಬರೆಯುತ್ತ ಬರೆಯುತ್ತ ಮತ್ತೆ ಮತ್ತೆ ಕೆತ್ತಬೇಕು. ಕೆತ್ತಿದ ಮರುಸಾಲಿನಿಂದ ಅಕ್ಷರ ಚೂಪಾಗುತ್ತದೆ. ಚರ್ಮದ ಹಾಳೆಯ ಕೂದಲಿದ್ದ ಮಗ್ಗುಲು, ಮಾಂಸದ ಮಗ್ಗುಲು ಎರಡೂ ಶಾಯಿಯನ್ನು ಒಂದೇ ರೀತಿ ಹಿಡಿಯುವುದಿಲ್ಲ. ಶಾಯಿಯ ಬಣ್ಣವಂತೂ ದೊಡ್ಡ ಬಲೆ: ಹೆಂಗರ್ಟ್‌ನಲ್ಲಿ ಅಡುಗೆಯವನ ಕಥೆ ಅರ್ಧಕ್ಕೆ ನಿಂತಲ್ಲಿ, ಚಾಸರ್ ಇದನ್ನು ಮುಂದಕ್ಕೆ ಬರೆಯಲಿಲ್ಲ ಎಂಬ ಟಿಪ್ಪಣಿಯ ಶಾಯಿ ಬೇರೆ, ಕೈ ಅದೇ. ಎಲ್ಸ್‌ಮಿಯರ್ ಚಿತ್ರ, ಚಿನ್ನ ಹಚ್ಚಿಸಿದ ದುಬಾರಿ ಪ್ರತಿಯಾದ್ದರಿಂದ ಅಲ್ಲಿ ನಿಧಾನ, ಠೀವಿ. ಹೆಂಗರ್ಟ್‌ನಲ್ಲಿ ಆ ಶೃಂಗಾರವಿಲ್ಲ. ಇದರ ಮೇಲೆ ಕಂಪ್ಯೂಟರಿನದೂ ಒಂದು ಕಾಟ ಇದೆ. ಒತ್ತಿ ಕುಗ್ಗಿಸಿದ ಚಿತ್ರದಲ್ಲಿ ಕೂದಲೆಳೆ ಗೆರೆ ಮಾಯವಾಗಿ, ಲೇಖನಿ ಎತ್ತದಿದ್ದಲ್ಲೂ ಎತ್ತಿದ ಗುರುತು ಕಾಣಿಸುತ್ತದೆ. ಸಿಗುವ ಅತಿ ದೊಡ್ಡ ಚಿತ್ರವನ್ನೇ ಇಳಿಸಿಕೊಳ್ಳಬೇಕು, ಅಂಚು ಚೂಪು ಮಾಡುವ ಫಿಲ್ಟರ್ ಮುಟ್ಟಬಾರದು.

ಕಾಗುಣಿತವನ್ನೂ ಸಾಕ್ಷಿಗೆ ಕರೆಯುವವರಿದ್ದಾರೆ. 1982ರಲ್ಲಿ ರಾಯ್ ವ್ಯಾನ್ಸ್ ರಾಮ್ಸಿ ಇಂಥ ಚಿಕ್ಕಪುಟ್ಟ ಬರವಣಿಗೆ ರೂಢಿಗಳನ್ನು ಎಣಿಸಿ, ಎರಡು ಪ್ರತಿಗಳನ್ನು ಬರೆದವರು ಇಬ್ಬರು ಎಂದು ವಾದಿಸಿದರು. ಮರುವರ್ಷವೇ ಎಂ.ಎಲ್. ಸ್ಯಾಮ್ಯುಯೆಲ್ಸ್ ಅದನ್ನು ಅಲ್ಲಗಳೆದರು. ಎದುರಿಗಿದ್ದ ಮೂಲಪ್ರತಿಯ ಕಾಗುಣಿತ ನಕಲು ಮಾಡುವವನ ಕೈಗೆ ಅಂಟುತ್ತದೆ, ವರ್ಷಗಳು ಕಳೆದಂತೆ ಅವನ ರೂಢಿಯೂ ಬದಲಾಗುತ್ತದೆ. ನನ್ನ ಲೆಕ್ಕದಲ್ಲಿ ಕಾಗುಣಿತಕ್ಕೆ ಎರಡನೆಯ ಸ್ಥಾನ.

ನಿಜವಾದ ತಕರಾರು ಶುರುವಾದದ್ದು ಹೆಸರಿನಿಂದ. ತನ್ನ ನಕಲುಗಾರ ಆಡಮ್‌ನನ್ನು ಬೈಯುವ ಏಳು ಸಾಲಿನ ಪದ್ಯವೊಂದು ಚಾಸರನ ಹೆಸರಿನಲ್ಲಿದೆ. 2004ರಲ್ಲಿ ಹಸ್ತಪ್ರತಿ ವಿದ್ವಾಂಸೆ ಲಿನ್ ಮೂನಿ, ಲಿಪಿಕಾರ ಬಿ ಎಂದರೆ ಆಡಮ್ ಪಿಂಕ್‌ಹರ್ಸ್ಟ್ ಎಂದು ಸಾರಿದರು. ಬರಹ 2006ರಲ್ಲಿ ಅಚ್ಚಾಯಿತು. ಆಧಾರ, ಲಂಡನ್ನಿನ ದಸ್ತಾವೇಜು ಬರಹಗಾರರ ಸಂಘದ ಪುಸ್ತಕದಲ್ಲಿ ಪಿಂಕ್‌ಹರ್ಸ್ಟ್ ಬರೆದ ಪ್ರಮಾಣವಚನ. ಅದನ್ನು ಹೋಲಿಸುವುದಕ್ಕೆ ಹೋದರೆ ಮೊದಲ ತೊಡಕು ಎದುರಾಗುತ್ತದೆ: ಅದು ಕೆಲವೇ ಸಾಲು, ಅದೂ ಲ್ಯಾಟಿನ್. ಲ್ಯಾಟಿನ್ನಿನಲ್ಲಿ ‘ಥಾರ್ನ್’ ಇಲ್ಲ, ‘ಡಬ್ಲ್ಯು’ಗೆ ಕೆಲಸವಿಲ್ಲ, ಅಂದರೆ ಬೆಳಗಿನಿಂದ ಕಷ್ಟಪಟ್ಟು ಗುಡ್ಡೆ ಹಾಕಿದ ಅತ್ಯುತ್ತಮ ಮಾದರಿಗಳಲ್ಲಿ ಕೆಲವಕ್ಕೆ ಅಲ್ಲಿ ಜೋಡಿಯೇ ಇಲ್ಲ. ಮೇಲಾಗಿ ಪ್ರಮಾಣವಚನ ತನ್ನ ಕೈಚಳಕ ತೋರಿಸುವ ಜಾಗ, ಕಥೆಯ ನಡುವಿನ ಸಾಲಿನ ಹಾಗೆ ಓಡುವ ಕೈ ಅಲ್ಲಿಲ್ಲ. ಜೇನ್ ರಾಬರ್ಟ್ಸ್ 2011ರಲ್ಲಿ, ಲಾರೆನ್ಸ್ ವಾರ್ನರ್ 2018ರಲ್ಲಿ ಈ ಗುರುತನ್ನು ಒಪ್ಪದೆ ಬರೆದರು. ನನಗೂ ಅತ್ತಲೇ ಒಲವು. ಹೆಂಗರ್ಟ್ ಮತ್ತು ಎಲ್ಸ್‌ಮಿಯರ್ ಒಂದೇ ಕೈ ಎನ್ನುವುದಕ್ಕೆ ನೂರಾರು ಪುಟಗಳ ಸಾಕ್ಷಿಯಿದೆ, ಪಿಂಕ್‌ಹರ್ಸ್ಟ್‌ಗೆ ಅದರ ಚೂರು ಮಾತ್ರ.

ಇಂಥ ಕಡೆ ಹೋಲಿಕೆಗೆ ಮಾದರಿಗಳ ಮೂರನೆಯ ಗುಂಪು ಬೇಕೇ ಬೇಕು: ಅದೇ ಕಾಲದ, ಅದೇ ಲಂಡನ್ನಿನ, ಖಂಡಿತ ಬೇರೆಯವರದೆಂದು ಗೊತ್ತಿರುವ ಕೈಗಳು. ಅರಸನ ಪ್ರಿವಿ ಸೀಲ್, ಅಂದರೆ ಖಾಸಗಿ ಮುದ್ರೆಯ ಕಚೇರಿಯ ಗುಮಾಸ್ತ, ಕವಿ ಥಾಮಸ್ ಹಾಕ್ಲೀವ್ ಕೈಯಾರೆ ಬರೆದ ಪ್ರತಿಗಳು ಉಳಿದಿವೆ. ಟ್ರಿನಿಟಿಯ ಆ ಗೋವರ್ ಪ್ರತಿಯಲ್ಲೇ ಅವನ ಕೈಯೂ ಇದೆ. ವಿಶಿಷ್ಟ ಎಂದುಕೊಂಡ ಲಕ್ಷಣ ಇವರಲ್ಲೂ ಇದ್ದರೆ ಅದನ್ನು ಪಟ್ಟಿಯಿಂದ ಹೊಡೆದುಹಾಕಬೇಕು. ಸಂಜೆಗೆ ಪಟ್ಟಿ ಅರ್ಧಕ್ಕರ್ಧ ಸವೆಯುತ್ತದೆ. ಉಳಿದ ಒಂದೊಂದು ಮಾದರಿಯ ಮುಂದೆ ಹಾಳೆಯ ಸಂಖ್ಯೆ, ಮುಮ್ಮೈಯೋ ಹಿಮ್ಮೈಯೋ, ಎಷ್ಟನೆಯ ಸಾಲು ಎಂಬುದನ್ನು ಬರೆದು, ಹೊಂದದೆ ಉಳಿದವಕ್ಕೆ ಪಕ್ಕದಲ್ಲೇ ಇನ್ನೊಂದು ಕಂಬಸಾಲು ಇಡಬೇಕು.